ಆ ಗಾಡಿ ತೊಳೆಯಬೇಡಿ, ಬಸಲಿಂಗವ್ವ

ಗದಗ, ಫೆಬ್ರವರಿ ೩೦, ೨೧೮೯

ಪೂಜ್ಯ ಬಸಲಿಂಗವ್ವನವರಿಗೆ ನಿಮ್ಮ ಆರನೆಯ ತಲೆಮಾರಿನ ವೀರಭದ್ರನ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆಯೆಂದು ನಮ್ಮ ಕಾಲದವರು ಅದಕ್ಕೆ ದಿನ ಸೇರಿಸಿದ್ದಾರೆ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಕನ್ನಡ ಕಲಿತು ಬರೆಯುತ್ತಿದ್ದೇನೆ. ಇದನ್ನು ತರುವುದು ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಬಹಳ ಚುರುಕು. ಪಕ್ಕದ ಓಣಿಗೆ ಹೋಗುವ ಟಪಾಲು ಮಾತ್ರ ಇಂದಿಗೂ ನಿಧಾನ.

ನಿಮ್ಮ ಯಜಮಾನರು ಶಿವಪುತ್ರಪ್ಪನವರು ಈಗ ಕಾಲು ಮುರಿದು ಆಸ್ಪತ್ರೆಯಲ್ಲಿದ್ದಾರೆ. ಅವರ ಹೊಸ ಟ್ಯಾಕ್ಸಿ ಇಳಿಜಾರಿನಲ್ಲಿ ನಿಲ್ಲದೆ ಪೇರಲಹಣ್ಣಿನ ತಳ್ಳುಗಾಡಿಗೆ ಗುದ್ದಿ, ಹಣ್ಣು ಮಾರುವ ಹುಸೇನಸಾಬರು ತೀರಿಕೊಂಡರು. ಊರೆಲ್ಲ ಚಾಲಕನದೇ ತಪ್ಪು ಅನ್ನುತ್ತಿದೆ. ಪೊಲೀಸರು ಬಿಟ್ಟುಕೊಟ್ಟ ಗಾಡಿ ನಿಮ್ಮ ಬಾಗಿಲ ಮುಂದಿದೆ. ನಾಳೆ ಬೆಳಿಗ್ಗೆ ಗುಜರಿಯವನು ಬರುತ್ತಾನೆ. ಆಗ ನಿಮ್ಮ ಮೈದುನ ಮಲ್ಲೇಶಿ ಆಡುವ ಮಾತು ನಮ್ಮ ಮನೆಯಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಉಳಿದಿದೆ: "ವೈನಿ, ಜೀವಾ ತಗೊಂಡ ಗಾಡಿ ಮನಿ ಮುಂದ ಇಟ್ಕೊಂಡು ಪೂಜಾ ಮಾಡ್ತೀರೇನು? ತೊಳದು ಕೊಟ್ಟುಬಿಡ್ರಿ, ಪೀಡಾ ಹೋಗ್ಲಿ."

ನಾನು ಬಲ್ಲ ಚರಿತ್ರೆಯಲ್ಲಿ ನೀವು ಹಾಗೆಯೇ ಮಾಡಿದಿರಿ. ಕೊಡಗಟ್ಟಲೆ ನೀರು ಹೊಯ್ದು, ನಿಂಬೆಹಣ್ಣು ನಿವಾಳಿಸಿ ಕಳಿಸಿದಿರಿ. ಪೀಡೆ ಹೋಗಲಿಲ್ಲ, ಪುರಾವೆ ಹೋಯಿತು.

ಆ ಗಾಡಿಯ ಅಡಿಯಲ್ಲಿ ಬ್ರೇಕ್ ಆಯಿಲ್ ಹೋಗುವ ಪೈಪು ತಗಡಿನ ಅಂಚಿಗೆ ತಿಕ್ಕಿ ತಿಕ್ಕಿ ಸೀಳಿದೆ. ಕಂಪನಿಯವರು ಅದನ್ನು ಕೂರಿಸಿದ್ದೇ ಹಾಗೆ. ಮುಂದೆ ಬೇರೆ ಊರುಗಳಲ್ಲೂ ಅದೇ ಮಾದರಿಯ ಗಾಡಿಗಳು ಗುದ್ದಿದವು; ಮುರುಕು ಗಾಡಿಯನ್ನು ಇಟ್ಟುಕೊಂಡವರು ಪೈಪು ತೋರಿಸಿ ಕಂಪನಿಯನ್ನು ಹೊಣೆಗೆ ಹಿಡಿದರು. ನಮ್ಮಲ್ಲಿ ತೋರಿಸಲು ಏನಿತ್ತು? "ನಾ ಬ್ರೇಕ್ ಒತ್ತೀನಿ, ಕಾಲು ನೆಲಕ್ಕ ಹತ್ತಿತು, ಗಾಡಿ ನಿಲ್ಲಲಿಲ್ಲ" ಎಂದು ಈಗ ಹೇಳುತ್ತಿರುವ ಶಿವಪುತ್ರಪ್ಪನವರೇ ವರ್ಷ ಕಳೆದಂತೆ "ನಾನ ಒತ್ತಲಿಲ್ಲ ಕಾಣ್ತದ" ಎನ್ನತೊಡಗಿದರು. ಮತ್ತೆಂದೂ ಸ್ಟಿಯರಿಂಗ್ ಮುಟ್ಟಲಿಲ್ಲ.

ನಮ್ಮ ಕಾಲದಲ್ಲಿ ಪ್ರತಿ ಊರಿಗೂ ಒಂದು ಹೊಣೆಗಟ್ಟೆ ಇದೆ. ಅಪಘಾತವಾದ ಗಾಡಿಗೆ ಬಿಳಿ ಬಟ್ಟೆ ಹೊದಿಸಿ, ತೊಳೆಯದೆ ಅಲ್ಲಿಗೆ ತರುತ್ತಾರೆ. ಮೊದಲು ತಯಾರಿಸಿದವರು ಉತ್ತರಿಸಬೇಕು, ಚಾಲಕನ ಸರದಿ ಆಮೇಲೆ. ಹೊಸ ಮಾದರಿ ಮಾರುವ ಮುನ್ನ ಹೊಣೆಸವಾರಿಯೂ ಉಂಟು: ಕಂಪನಿಯ ಮಾಲೀಕರು ಮನೆಮಂದಿಯೊಂದಿಗೆ ಅದರಲ್ಲಿ ಕೂತು ಕಪ್ಪತಗುಡ್ಡ ಇಳಿಯಬೇಕು. ಅಳಿಯನನ್ನು ಮಾತ್ರ ಕಳಿಸಿ ತಾವು ಉಳಿಯುವುದು ಈಗ ನಿಷಿದ್ಧ. ಕಟ್ಟೆಯ ಗೋಡೆಗೆ ಪ್ರಾಸ ಬರೆಯುವುದು ನನ್ನ ನೌಕರಿ. "ಮಾಡಿದವ ಮೊದಲು ಕೂರಲಿ, ಓಡಿಸುವವ ಆಮೇಲೆ ಏರಲಿ" ನನ್ನದೇ. ಸಂಬಳಕ್ಕೆ ತಕ್ಕ ಪ್ರಾಸ.

ಆದರೆ ಮುರಿದ ಭಾಗವಿಲ್ಲದೆ ಕಟ್ಟೆ ಯಾರನ್ನೂ ನಿರ್ದೋಷಿ ಎನ್ನುವುದಿಲ್ಲ. ಶಿವಪುತ್ರಪ್ಪನವರಿಗಾಗಿ ಕೇಳಿದೆ, ಆಗುವುದಿಲ್ಲವೆಂದು ಕಟ್ಟೆಯವರು ಕೈಯಾಡಿಸಿಬಿಟ್ಟರು. ನಮ್ಮ ಕಡೆ ಅಡ್ಡಹೆಸರು ಹೇಗೆ ಅಂಟುತ್ತದೆಂದು ನಿಮಗೆ ಗೊತ್ತು. ಉಳ್ಳಾಗಡ್ಡಿ ಮಾರಿದವರು ಉಳ್ಳಾಗಡ್ಡಿಯಾದರು, ನಾವು 'ಗುದ್ದಿದವರ' ಆದೆವು. ನನ್ನ ಮಗಳು ಶಾಂಭವಿ ಹೊಣೆಸವಾರಿಯ ಚಾಲಕಿ. ಮೈಕಿನಲ್ಲಿ "ಗುದ್ದಿದವರ ಶಾಂಭವಿ" ಎಂದು ಕೂಗಿದರೆ ಕೂತವರು ಇಳಿಯುತ್ತಾರೆ. ಮೊನ್ನೆ ಒಬ್ಬರು, "ಬ್ಯಾಡ ಯವ್ವಾ, ನಾವು ನಡಕೋತ ಇಳೀತೀವಿ" ಅಂದರಂತೆ. ಹೇಳುವಾಗ ನಕ್ಕಳು. ಆಮೇಲೆ ಊಟ ಮಾಡಲಿಲ್ಲ. ಕೆಲಸ ಬಿಡುತ್ತೇನೆ ಅನ್ನುತ್ತಿದ್ದಾಳೆ.

ಆದ್ದರಿಂದ ತಾಯಿ, ಗಾಡಿಗೆ ನೀರು ಸೋಕಿಸಬೇಡಿ, ಗುಜರಿಯವನಿಗೆ ಕೊಡಬೇಡಿ. ಸೀಟಿನಲ್ಲಿ ಕೋಳಿ ಮೊಟ್ಟೆ ಇಡಲಿ, ಮಲ್ಲೇಶಿ ಮುಖ ಗಂಟಿಡಲಿ. ಹುಸೇನಸಾಬರ ಹೆಂಡತಿ ಮಾಬೂಬಿಯವರನ್ನು ಕರೆದು ಆ ಸೀಳು ತೋರಿಸಿ, ಇಬ್ಬರೂ ಒಟ್ಟಿಗೆ ವಕೀಲರಲ್ಲಿಗೆ ಹೋಗಿ. ಅದಕ್ಕೂ ಮೊದಲು ಆಸ್ಪತ್ರೆಗೆ ಹೋಗಿ, "ನೀವು ಬ್ರೇಕ್ ಒತ್ತಿದ್ದು ನಿಜ" ಎಂದು ಯಜಮಾನರಿಗೆ ಹೇಳಿ. ಅವರಿಗೆ ಇನ್ನೂ ನೆನಪಿರುವಾಗಲೇ ಹೇಳಿ.

ಸಹಿಯಲ್ಲಿ ಅಡ್ಡಹೆಸರಿಗೆ ಜಾಗ ಬಿಟ್ಟಿದ್ದೇನೆ. ಏನು ಬರೆಯಬೇಕೆಂಬುದು ನಾಳೆ ಬೆಳಿಗ್ಗೆ ನಿಮ್ಮ ಬಾಗಿಲಲ್ಲಿ ತೀರ್ಮಾನವಾಗುತ್ತದೆ.

ನಿಮ್ಮ,
........ ವೀರಭದ್ರ