ನಾಲ್ಕು ಬೆರಳು ಗಿಡ್ಡ

ಬಂದರುಕೇರಿ, ಮಂಗಳವಾರ, ಮಾರ್ಚ್ 1836

ಜಡ್ಜ್ ಹ್ಯಾಲಿಡೇ ಸಾಹೇಬರಿಗೆ, ಬಟ್ಟೆ ಹೊಲಿಯುವ ಫೀಬಿಯ ನಮಸ್ಕಾರ.

ನನ್ನ ತಂಗಿಗೆ ಚಾಟಿಯಲ್ಲಿ ಹೊಡೆದ ಕಬ್ಬಿನ ತೋಟದ ದೊರೆಗೆ ಜೈಲು ತೋರಿಸಿದವರು ನೀವೊಬ್ಬರೇ. ಅದಕ್ಕೇ ದುರ್ನಡತೆ ಅಂತ ಹೆಸರಿಟ್ಟು, ನಿಮ್ಮನ್ನು ಅಮಾನತು ಮಾಡಬೇಕೋ ಬೇಡವೋ ಅಂತ ಗವರ್ನರ್ ಸಾಹೇಬರು ಗುರುವಾರ ವಿಚಾರಣೆ ಇಟ್ಟಿದ್ದಾರಂತೆ. ನಿಮ್ಮ ಮಾತು ಕೇಳಿದ ಮೇಲೇ ತೀರ್ಮಾನವಂತೆ. ನಾನೂ ನಂಬಿದ್ದೆ.

ಇವತ್ತು ಕೋರ್ಟಿನ ಜವಾನ, ನೀವು ನ್ಯಾಯಪೀಠದಲ್ಲಿ ತೊಡುವ ಕೆಂಪು ನಿಲುವಂಗಿಯನ್ನೂ ಒಂದು ಅಳತೆಚೀಟಿಯನ್ನೂ ತಂದುಕೊಟ್ಟ.

"ನಾಲ್ಕು ಬೆರಳು ಗಿಡ್ಡ ಮಾಡು. ನಾಳೆ ಸಂಜೆಗೇ ಬೇಕು."

"ಯಾಕೆ, ಜಡ್ಜ್ ಸಾಹೇಬರು ಕುಗ್ಗಿಬಿಟ್ರಾ?"

"ಬಾಯಿ ಮುಚ್ಕೊಂಡು ಹೊಲಿ."

ಆ ಚೀಟಿಯಲ್ಲಿದ್ದ ಅಳತೆ ನನಗೆ ಗೊತ್ತಿರುವುದೇ. ಎಡಭುಜ ಒಂದು ಬೆರಳು ಇಳಿದಿರುವುದು ಈ ದ್ವೀಪದಲ್ಲಿ ಒಬ್ಬರಿಗೇ. ನಿಮ್ಮ ಪರವಾಗಿ ಉತ್ತರ ಬರೆಯುತ್ತಿರುವ ವಕೀಲ ಕ್ರಾಫ್ಟನ್ ಅವರಿಗೆ. ಅವರ ಕೋಟುಗಳನ್ನೆಲ್ಲ ಹೊಲಿದವಳು ನಾನೇ.

ಅವರ ಹತ್ತಿರ ಇರುವ ಕಾಗದಗಳನ್ನು ಇವತ್ತೇ ವಾಪಸು ತಗೊಳ್ಳಿ. ಲಂಡನ್ನಿಗೆ ಮೇಲ್ಮನವಿ ಕಳಿಸುವುದಾದರೆ ಹಡಗಿನವರೆಗೂ ನೀವೇ ಹೋಗಿ. ಈ ಪತ್ರ ಸುಟ್ಟುಬಿಡಿ.

ನಿಲುವಂಗಿಯ ಬಟ್ಟೆ ನಾನು ಕತ್ತರಿಸಿಲ್ಲ, ಒಳಗೆ ಮಡಚಿ ಹೊಲಿದಿದ್ದೇನೆ. ದಾರ ಬಿಚ್ಚಿದರೆ ಮತ್ತೆ ನಿಮ್ಮ ಅಳತೆಗೇ ಬರುತ್ತದೆ.

ಇಂತಿ,
ಫೀಬಿ