ಬಾನೆಟ್ ಒಳಗಿನ ಚೀಟಿ

ಏಪ್ರಿಲ್ ೯, ಮಂಗಳವಾರ

ಥೂ! ಊಟ ಸೇರಲಿಲ್ಲ. ಯಾಕೆಂದು ಹೆಂಡತಿ ಕೇಳಿದಳು, ಸೆಕೆ ಎಂದೆ.

ಬೆಳಿಗ್ಗೆ ಪಕ್ಕದ ಬೀದಿಯ ಟೀಚರಮ್ಮ ಹೋದ ತಿಂಗಳು ಕೊಂಡ ಹಳೆಯ ಕಾರನ್ನು ಗ್ಯಾರೇಜಿಗೆ ತಂದರು. ಏಸಿ ಬಿಸಿಗಾಳಿ ಊದುತ್ತಿತ್ತು. ಕಂಪ್ರೆಸರ್ ಬಿಚ್ಚಿದರೆ ಒಳಗೆ ಎಣ್ಣೆಯಲ್ಲ, ಕಪ್ಪು ಗಸಿ, ಚರಂಡಿಯದೇ ನಾತ. ಏಸಿಯನ್ನು ಹೊಸ ಬಗೆಯ ತಂಪಿನ ಗ್ಯಾಸಿಗೆ ಬದಲಾಯಿಸುವಾಗ ಯಾರೋ ಅದಕ್ಕೆ ಹೊಂದದ ಹಳೆಯ ಎಣ್ಣೆ ತೆಗೆಯದೆ ಹಾಗೇ ಗ್ಯಾಸ್ ತುಂಬಿದ್ದರು. ಅರ್ಧ ದಿನದ ಕೆಲಸ ಉಳಿಸುವ ಮೈಗಳ್ಳತನ.

ನಮ್ಮ ಕಸುಬಿನಲ್ಲಿ ಬಾನೆಟ್ ಎತ್ತಿದ ಕೂಡಲೇ ಹಿಂದಿನ ಮೆಕ್ಯಾನಿಕ್‌ನನ್ನು ಬೈಯುವುದು ವಾಡಿಕೆ. ನಾನೂ ಬಾಯಿಗೆ ಬಂದಂತೆ ಬೈದೆ. "ಯಾವ ಕಟುಕ ಮಾಡಿದ್ನೋ ಮೇಡಂ! ಅವನ ಕೈಗೆ ಸ್ಪ್ಯಾನರ್ ಕೊಟ್ಟೋರಿಗೆ ಬುದ್ಧಿ ಇಲ್ಲ."

"ಪುಣ್ಯಕ್ಕೆ ನೀವು ಸಿಕ್ಕಿದ್ರಿ," ಎಂದರು.

ಆಮೇಲೆ ಬಾನೆಟ್ಟಿನ ಒಳಮೈ ಒರೆಸುತ್ತಿದ್ದಾಗ ಜಿಡ್ಡಿನಡಿಯಿಂದ ಒಂದು ಚೀಟಿ ಕಾಣಿಸಿತು. ಗ್ಯಾಸ್ ಬದಲಾಯಿಸಿದ ತಾರೀಕು, ಕೆಳಗೆ ರುಜು. ನನ್ನದೇ ಅಕ್ಷರ. ಐದು ವರ್ಷದ ಹಿಂದಿನ ಬೇಸಿಗೆ. ಆಗ ಹೊರಗೆ ಕಾರುಗಳು ಸಾಲುಗಟ್ಟಿ ನಿಂತಿದ್ದವು, ಅಂತ ಈಗ ಯಾರಿಗೆ ಹೇಳಲಿ?

ಪೈಪುಗಳನ್ನೆಲ್ಲ ತೊಳೆದು, ಬೇರೆ ಕಂಪ್ರೆಸರ್ ಕೂರಿಸಿ, ಸರಿಯಾದ ಎಣ್ಣೆ ಹಾಕಿದೆ. ಗಾಳಿ ತಣ್ಣಗೆ ಬಂತು. ಆಗಲಾದರೂ ಹೇಳಿಬಿಡಬೇಕಿತ್ತು. ಕೀಲಿ ಒರೆಸಿ ಅವರ ಕೈಗೆ ಕೊಟ್ಟೆ.

ಹೊರಡುವಾಗ ಟೀಚರಮ್ಮ, "ನಿಮ್ಮ ಹೆಸರಿನ ಚೀಟಿ ಅಂಟಿಸಿ. ಮುಂದೆ ಬಿಚ್ಚೋರು ನೋಡಿ ಕಲೀಲಿ," ಎಂದರು.

ಹೊಸ ಚೀಟಿಯನ್ನು ಹಳೆಯದರ ಮೇಲೆಯೇ ಅಂಟಿಸಿದೆ. ಅಂಚಿಗೆ ಅಂಚು ಸರಿಯಾಗಿ ಕೂತಿತು.