ಹಳೇ ಪೆಟ್ರೋಲ್ ತೆಗೆಯುವ ಮುಂಚೆ

ರೀ,

ದೋಣಿಯ ಟ್ಯಾಂಕಿನಲ್ಲಿ ನಿಂತು ಕೆಟ್ಟ ಹದಿನೈದು ಲೀಟರ್ ಪೆಟ್ರೋಲಿಗೆ ಒಂದೂವರೆ ಸಾವಿರ ಕೊಟ್ಟಿದ್ದೆವು. ಹೋದರೆ ಹೋಗಲಿ, ಬೈಕಿಗೆ ಹಾಕಿ ಉಳಿಸಲು ನೋಡಬೇಡಿ.

ನಿಮ್ಮ ತಮ್ಮ ಯಂಕೇಶನನ್ನು ಕರೆದುಕೊಂಡು ಗಂಗಾವತಿ ಆಸ್ಪತ್ರೆಗೆ ಹೊರಟಿದ್ದೇನೆ. ನಾನು ಬರುವವರೆಗೆ ನೀವು ಕಾಯುವವರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದೋಣಿ ದಂಡೆಯ ಬಯಲಲ್ಲೇ ಇರಲಿ, ಅಂಗಳಕ್ಕೆ ಎಳೆದು ತರಬೇಡಿ. ಮೊದಲು ಬ್ಯಾಟರಿಯ ವೈರ್ ಬಿಚ್ಚಿ. ಪೈಪಿಗೆ ಬಾಯಿ ಹಚ್ಚಿ ಎಳೆಯಬೇಡಿ, ಕೈಪಂಪು ಕಟ್ಟೆಯ ಮೇಲಿದೆ. ಕ್ಯಾನನ್ನು ನೆಲದ ಮೇಲಿಟ್ಟೇ ತುಂಬಿಸಿ. ಕೆರೆಗೆ ಒಂದು ಹನಿಯೂ ಬೀಳಬಾರದು. ಆನೆಗೊಂದಿಯ ಮೆಕ್ಯಾನಿಕ್ ಸಂಜೆ ಬಂದು ಕ್ಯಾನನ್ನು ಒಯ್ಯುತ್ತಾನೆ.

ರೊಟ್ಟಿ, ಪುಂಡಿಪಲ್ಯ ಮಾಡಿಟ್ಟಿದ್ದೇನೆ. ಕೈ ಸೋಪಿನಿಂದ ತೊಳೆದು ಉಣ್ಣಿ, ಒಲೆ ಹಚ್ಚಬೇಡಿ.

ಪೂಜೆಗೆ ಅರಿಶಿನ, ಕುಂಕುಮ, ಹೂವು ಇಟ್ಟಿದ್ದೇನೆ. ಊದಿನಕಡ್ಡಿ ಇಟ್ಟಿಲ್ಲ. "ಗಂಗವ್ವಗ ಊದಿನಕಡ್ಡಿ ಬೆಳಗಲಾರದ ದೋಣಿ ಹೆಂಗ ಮುಟ್ಟೂದು?" ಅನ್ನುತ್ತೀರಿ. ಹೋದ ವರ್ಷ ಟ್ಯಾಂಕಿನ ಮುಚ್ಚಳ ತೆರೆದಿದ್ದಾಗಲೂ ಹೀಗೇ ಅಂದು ಕಡ್ಡಿ ಗೀರಿದಿರಿ. ಬೆಂಕಿಪೊಟ್ಟಣ ನನ್ನ ಚೀಲದಲ್ಲಿದೆ. ಆದರೆ ಅಂಗಡಿ ದೂರವಿಲ್ಲ. ಇದಕ್ಕಿಂತ ಹೆಚ್ಚಿನದು ನನ್ನ ಕೈಯಲ್ಲಿಲ್ಲ.

ಅಂದು ದೋಣಿ ಉಳಿಯಿತು. ಯಂಕೇಶನ ಬಲಗೈ ಬೆರಳುಗಳು ಇನ್ನೂ ಮಡಚುವುದಿಲ್ಲ.

ದ್ರಾಕ್ಷಾಯಿಣಿ